ಓದುಗರ ಪ್ರಶ್ನೆಗೆ ಉತ್ತರ: ಅಲೆಕ್ಸಾಂಡರನನ್ನು ಹೂಳಿದ್ದೆಲ್ಲಿ, ಆ ಗೋರಿ ಏನಾಯಿತು?

ಹಿಂದಿನ ಸಂಚಿಕೆಯಲ್ಲಿ ಅಲೆಕ್ಸಾಂಡರನು ಬ್ಯಾಬಿಲೋನಿನಲ್ಲಿ ತೀರಿಕೊಂಡ ಬಗೆಯ ಕುರಿತು ಬಂದ ಪ್ರಶ್ನೆಗೆ ಉತ್ತರಿಸಿದ್ದೆವು. ಅದನ್ನು ಓದಿದ ಹಲವರು ಮುಂದೇನಾಯಿತೆಂದು ಕೇಳಿ ಬರೆದಿದ್ದಾರೆ. ಕುಂಬಳೆ, ಬದಿಯಡ್ಕ, ಮಂಜೇಶ್ವರದ ಓದುಗರ ಜೊತೆಗೆ ತಾಳವಾಡಿ, ಆದವಾನಿ, ಅಕ್ಕಲಕೋಟೆಗಳಿಂದಲೂ ಪತ್ರಗಳು ಬಂದಿವೆ. ಎಲ್ಲರೂ ಸುತ್ತಿ ಬಳಸಿ ಕೇಳಿರುವುದು ಆ ಗೋರಿಯ ವಿಚಾರವನ್ನೇ ಆದುದರಿಂದ ಈ ಸಲದ ಅಂಕಣವನ್ನು ಅದೊಂದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಅಲೆಕ್ಸಾಂಡರನು ಬ್ಯಾಬಿಲೋನಿನಲ್ಲಿ ಸತ್ತನೆಂಬಲ್ಲಿಗೆ ನಮ್ಮ ಪಠ್ಯಪುಸ್ತಕ ಮುಗಿಯುತ್ತದೆ. ಅವನನ್ನು ಅಲ್ಲಿಯೇ ಹೂಳಿದರೇ ಎಂದು ಮಕ್ಕಳು ಕೇಳಿದಾಗ ಏನು ಹೇಳಬೇಕು? (ಕುಂಬಳೆಯ ಒಬ್ಬ ಅಧ್ಯಾಪಿಕೆ)

ಉತ್ತರ: ಅಲ್ಲಿ ಹೂಳಲಿಲ್ಲ. ಕ್ರಿ.ಪೂ. 323ರ ಜೂನ್ ತಿಂಗಳಲ್ಲಿ, ಮೂವತ್ತಮೂರು ತುಂಬುವ ಮೊದಲೇ ಅವನು ತೀರಿಕೊಂಡ. ಆಕಾಶವನ್ನು ದಿನದಿನವೂ ನೋಡಿ ಬರೆದಿಡುತ್ತಿದ್ದ ಬ್ಯಾಬಿಲೋನಿನ ಪಂಡಿತರು ಒಂದು ಜೇಡಿಮಣ್ಣಿನ ಫಲಕದಲ್ಲಿ ಅಂದು ಅರಸನು ಸತ್ತನೆಂದೂ ಮೋಡ ಕವಿದಿತ್ತೆಂದೂ ಗುರುತು ಹಾಕಿದ್ದಾರೆ. ಶತಮಾನಗಳ ಬಳಿಕ ಬರೆದ ವರ್ಣರಂಜಿತ ವೃತ್ತಾಂತಗಳಿಗಿಂತ ಆ ಕಾಲದ ಈ ಒಣ ಸಾಲೇ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಮುಂದೆ ಪಟ್ಟ ಯಾರಿಗೆಂದು ಸೇನಾಪತಿಗಳು ಜಗಳವಾಡುತ್ತಿದ್ದುದರಿಂದ ದೇಹವು ಕೆಲವು ದಿನ ಹಾಗೆಯೇ ಬಿದ್ದಿತ್ತೆಂದು ರೋಮನ್ ಲೇಖಕ ಕರ್ಟಿಯಸ್ ಬರೆಯುತ್ತಾನೆ. ಬಳಿಕ ಈಜಿಪ್ಟಿನವರೂ ಬ್ಯಾಬಿಲೋನಿನ ಕಾಲ್ಡಿಯನ್ನರೂ ಸೇರಿ ಅದು ಕೆಡದಂತೆ ಸಂಸ್ಕರಿಸಿದರು. ಶವವನ್ನು ಸಾಗಿಸಲು ಒಂದು ರಥವನ್ನು ಕಟ್ಟಿದರು, ಅದನ್ನು ಕಟ್ಟುವುದಕ್ಕೇ ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಡಯೊಡೋರಸ್ ಎಂಬ ಗ್ರೀಕ್ ಚರಿತ್ರೆಕಾರ ಕೊಡುವ ವರ್ಣನೆಯಂತೆ, ಬಡಿದ ಚಿನ್ನದ ಶವಪೆಟ್ಟಿಗೆಯಲ್ಲಿ ದೇಹವನ್ನಿರಿಸಿ ಸುತ್ತಲೂ ಸುಗಂಧದ್ರವ್ಯ ತುಂಬಿ, ಚಿನ್ನದ ಮುಚ್ಚಳ ಮುಚ್ಚಿ, ಮೇಲೆ ಜರತಾರಿಯ ನೇರಳೆ ವಸ್ತ್ರ ಹೊದಿಸಿ, ಪಕ್ಕದಲ್ಲಿ ಅವನ ಆಯುಧಗಳನ್ನು ಇಟ್ಟಿದ್ದರು. ಪೆಟ್ಟಿಗೆಯ ಮೇಲೆ ಚಿನ್ನದ ಕಮಾನು ಛಾವಣಿ, ಸುತ್ತ ಕಂಬಸಾಲು, ಕಂಬಗಳ ನಡುವೆ ಚಿನ್ನದ ಬಲೆ, ನಾಲ್ಕು ಕಡೆಗೂ ಚಿತ್ರಫಲಕಗಳು ಇದ್ದವು. ಅದನ್ನೆಳೆಯಲು 64 ಹೇಸರಗತ್ತೆಗಳಿದ್ದು, ಪ್ರತಿಯೊಂದರ ತಲೆಗೂ ಹೊನ್ನಿನ ಲೇಪದ ಕಿರೀಟ, ಕೆನ್ನೆಯ ಎರಡೂ ಬದಿಗೆ ಗಂಟೆ ಕಟ್ಟಿದ್ದರು. ಹಳ್ಳದಿಣ್ಣೆಗಳಲ್ಲಿ ಪೆಟ್ಟಿಗೆ ಕುಲುಕದಂತೆ ಅಚ್ಚಿನ ನಡುವೆ ಒಂದು ಯಂತ್ರವನ್ನೂ ಕೂಡಿಸಿದ್ದರು, ದಾರಿಯನ್ನು ಸರಿಪಡಿಸುವ ಕೆಲಸಗಾರರೂ ಜೊತೆಗಿದ್ದರು.

ಈ ರಥವು ಹೊರಟದ್ದೆಲ್ಲಿಗೆ ಎಂಬಲ್ಲಿಯೇ ಹಳೆಯ ಲೇಖಕರು ಒಮ್ಮತದಲ್ಲಿಲ್ಲ. ಲಿಬಿಯಾದ ಗಡಿಯತ್ತ ಮರುಭೂಮಿಯ ನಡುವೆ ಇರುವ ಸೀವಾ ಓಯಸಿಸ್‌ನಲ್ಲಿ ಅಮ್ಮೋನ್ ದೇವರ ಸನ್ನಿಧಿಗೆ ಎಂದು ಡಯೊಡೋರಸ್, ಮ್ಯಾಸಿಡೋನಿಯದ ರಾಜರ ಪರಂಪರೆಯ ಸ್ಮಶಾನವಾದ ಐಗೈಗೆ ಎಂದು ಪೌಸೇನಿಯಸ್ ಹೇಳುತ್ತಾರೆ. ಎರಡೂ ಕಡೆಗೆ ಅದು ತಲಪಲಿಲ್ಲ. ಸಿರಿಯಾದವರೆಗೆ ಬಂದ ರಥವನ್ನು ಈಜಿಪ್ಟಿನ ಅಧಿಪತಿಯಾಗಿದ್ದ ಟಾಲೆಮಿ ಸೈನ್ಯಸಮೇತ ಎದುರುಗೊಂಡು ತನ್ನ ನಾಡಿಗೆ ತಿರುಗಿಸಿದ. ದೇಹವನ್ನು ಮೊದಲು ಮೆಂಫಿಸ್‌ನಲ್ಲಿ ಹೂಳಲಾಯಿತು. ಇದಕ್ಕೆ ಕ್ರಿ.ಪೂ. 3ನೆಯ ಶತಮಾನದಲ್ಲಿ ಪಾರೋಸ್ ದ್ವೀಪದಲ್ಲಿ ಕೆತ್ತಿದ ಕಾಲಗಣನೆಯ ಶಾಸನವೊಂದರ ಆಧಾರವಿದೆ. ಅಲ್ಲಿಂದ ಕೆಲವು ದಶಕಗಳೊಳಗೆ ಅದನ್ನು ಅಲೆಕ್ಸಾಂಡ್ರಿಯಾಕ್ಕೆ ಒಯ್ದರು. ಮಕ್ಕಳಿಗೆ ಇಷ್ಟು ಹೇಳಬಹುದು: ಬ್ಯಾಬಿಲೋನಿನಲ್ಲಿ ಸತ್ತ, ಮೆಂಫಿಸ್‌ನಲ್ಲಿ ಮಣ್ಣಾದ, ತಾನೇ ಕಟ್ಟಿಸಿದ ಊರಿಗೆ ಹೆಣವಾಗಿ ಬಂದ.

ಪ್ರಶ್ನೆ: ಸತ್ತವನ ದೇಹಕ್ಕಾಗಿ ಇಷ್ಟೊಂದು ಹೊಡೆದಾಟ ಏಕೆ? ನಮ್ಮ ರಾಜರ ಕಥೆಗಳಲ್ಲಿ ಸಿಂಹಾಸನಕ್ಕಾಗಿ, ಕೋಟೆಗಾಗಿ ಯುದ್ಧ ನಡೆದದ್ದನ್ನು ಓದಿದ್ದೇವೆ, ಶವಕ್ಕಾಗಿ ನಡೆದದ್ದನ್ನು ಓದಿಲ್ಲ. (ಬದಿಯಡ್ಕ)

ಉತ್ತರ: ಮ್ಯಾಸಿಡೋನಿಯದಲ್ಲಿ ಗತಿಸಿದ ಅರಸನ ಅಂತ್ಯಕ್ರಿಯೆಯನ್ನು ನಡೆಸುವುದು ಪಟ್ಟಕ್ಕೆ ಬರುವವನ ಕರ್ತವ್ಯವಾಗಿತ್ತು. ಆದುದರಿಂದ ಆ ಕ್ರಿಯೆಯನ್ನು ಯಾರು ಮಾಡುತ್ತಾನೋ ಅವನು ತಾನೇ ವಾರಸುದಾರನೆಂದು ಸಾರಿದಂತಾಗುತ್ತಿತ್ತು. ಅಲೆಕ್ಸಾಂಡರನಿಗೆ ನಿಶ್ಚಿತ ಉತ್ತರಾಧಿಕಾರಿಯಿರಲಿಲ್ಲ. ಅವನ ಮಲಸೋದರನು ಬುದ್ಧಿಯಲ್ಲಿ ದುರ್ಬಲನಾಗಿದ್ದ, ಮಗನು ತಂದೆ ಸತ್ತ ಮೇಲೆ ಹುಟ್ಟಿದವನು. ಇವರಿಬ್ಬರ ಹೆಸರಿನಲ್ಲಿ ಆಡಳಿತ ನಡೆಸುತ್ತಿದ್ದ ಪರ್ಡಿಕಸ್‌ನಿಗೆ ದೇಹವು ಕೈತಪ್ಪಿದ್ದು ಅಧಿಕಾರವೇ ಕೈತಪ್ಪಿದಂತೆ ಆಯಿತು. ಅವನು ದಂಡೆತ್ತಿ ಈಜಿಪ್ಟಿಗೆ ಹೋದ. ಮೆಂಫಿಸ್ ಬಳಿ ನೈಲ್ ನದಿಯನ್ನು ದಾಟಲು ಹೋಗಿ 2000ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡನೆಂದೂ ಅವರಲ್ಲಿ ಅನೇಕರು ಮೊಸಳೆಗಳ ಪಾಲಾದರೆಂದೂ ಡಯೊಡೋರಸ್ ಬರೆದಿದ್ದಾನೆ. ರೋಸಿಹೋದ ಅವನ ಅಧಿಕಾರಿಗಳೇ ಡೇರೆಯೊಳಗೆ ಅವನನ್ನು ಕೊಂದರು.

ಟಾಲೆಮಿಗೆ ಆ ದೇಹದಿಂದ ಆದ ಲಾಭ ಒಂದು ಯುದ್ಧದ ಗೆಲುವಿಗೆ ನಿಲ್ಲಲಿಲ್ಲ. ಹುಟ್ಟಿನಿಂದ ಅವನು ರಾಜಕುಲದವನಾಗಿರಲಿಲ್ಲ. ಅಲೆಕ್ಸಾಂಡರನ ಸಮಾಧಿಯ ರಕ್ಷಕನೆಂಬುದೇ ಅವನ ವಂಶದ ಹಿರಿಮೆಯಾಯಿತು. ಅಲೆಕ್ಸಾಂಡರನನ್ನು ದೇವರೆಂದು ಪೂಜಿಸಲು ಅರ್ಚಕನೊಬ್ಬನನ್ನು ನೇಮಿಸುವ ಪದ್ಧತಿ ಬಂತು, ಮತ್ತು ರಾಜ್ಯದ ಕರಾರುಪತ್ರಗಳಲ್ಲಿ ವರ್ಷವನ್ನು ಗುರುತಿಸುವಾಗ ಆ ವರ್ಷದ ಅರ್ಚಕನ ಹೆಸರನ್ನೂ ಬರೆಯತೊಡಗಿದರು. ಈಜಿಪ್ಟಿನ ಚಿತ್ರಲಿಪಿಯ ಬೀಗ ತೆಗೆದ ಪ್ರಸಿದ್ಧ ರೊಸೆಟ್ಟಾ ಶಾಸನ ಕ್ರಿ.ಪೂ. 196ರದು, ಅದರಲ್ಲಿಯೂ ತೇದಿಯ ಜೊತೆಗೆ ಅಲೆಕ್ಸಾಂಡರನ ಅರ್ಚಕನ ಹೆಸರಿದೆ. ಸತ್ತು ನೂರಿಪ್ಪತ್ತು ವರ್ಷ ದಾಟಿದ ಮೇಲೂ ಅವನ ಪೂಜೆಯಿಂದಲೇ ವರ್ಷವನ್ನು ಗುರುತಿಸುತ್ತಿದ್ದರೆಂದರೆ ಆ ಶವದ ಬೆಲೆ ಏನೆಂದು ಊಹಿಸಬಹುದು.

ಪ್ರಶ್ನೆ: ಅಲೆಕ್ಸಾಂಡರನು ತನ್ನ ಎರಡು ಬರಿಗೈಗಳನ್ನೂ ಶವಪೆಟ್ಟಿಗೆಯ ಹೊರಗೆ ಇಡಲು ಹೇಳಿದನಂತೆ. ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಇದು ನಿಜವೇ? (ಅಕ್ಕಲಕೋಟೆ, ಸೊಲ್ಲಾಪುರ ಜಿಲ್ಲೆ)

ಉತ್ತರ: ಅವನ ಚರಿತ್ರೆಯನ್ನು ಬರೆದ ಪ್ರಾಚೀನರಾದ ಡಯೊಡೋರಸ್, ಕರ್ಟಿಯಸ್, ಪ್ಲುಟಾರ್ಕ್, ಏರಿಯನ್ ಇವರಲ್ಲಿ ಒಬ್ಬರೂ ಇದನ್ನು ಹೇಳಿಲ್ಲ. ಮೇಲೆ ವಿವರಿಸಿದ ಪೆಟ್ಟಿಗೆಗೆ ಚಿನ್ನದ ಮುಚ್ಚಳವಿತ್ತು. ಕಥೆಯನ್ನು ನೀತಿಕಥೆಯಾಗಿ ಹೇಳುವವರು ಹೇಳಲಿ, ಚರಿತ್ರೆಯೆಂದು ಹೇಳುವಂತಿಲ್ಲ.

ಪ್ರಶ್ನೆ: ಅಲೆಕ್ಸಾಂಡ್ರಿಯಾದ ಗೋರಿಯನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದಾರೆಯೇ? ಅದು ಹೇಗಿತ್ತು? (ತಾಳವಾಡಿ, ಈರೋಡು ಜಿಲ್ಲೆ)

ಉತ್ತರ: ಬೇಕಾದಷ್ಟು ಜನ ಕಂಡಿದ್ದಾರೆ, ಅದರಲ್ಲಿಯೂ ರೋಮಿನ ಚಕ್ರವರ್ತಿಗಳು. ನಾಲ್ಕನೆಯ ಟಾಲೆಮಿಯು ಕ್ರಿ.ಪೂ. 3ನೆಯ ಶತಮಾನದ ಕೊನೆಯ ಭಾಗದಲ್ಲಿ ನಗರದ ನಡುವೆ ಹೊಸ ಸ್ಮಾರಕವೊಂದನ್ನು ಕಟ್ಟಿಸಿ ಅಲೆಕ್ಸಾಂಡರನ ಜೊತೆಗೆ ತನ್ನ ಹಿರಿಯರನ್ನೂ ಅಲ್ಲಿರಿಸಿದ. ಈ ಆವರಣಕ್ಕೆ ಸೇಮಾ ಅಥವಾ ಸೋಮಾ ಎಂದು ಹೆಸರು. ಭೂಗೋಳಕಾರ ಸ್ಟ್ರಾಬೊ ಕ್ರಿಸ್ತಪೂರ್ವದ ಕೊನೆಯ ದಶಕಗಳಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ನೆಲೆಸಿದ್ದವನು. ಅದು ಅರಮನೆಗಳ ಭಾಗವೇ ಆಗಿತ್ತೆಂದು ಅವನು ಹೇಳುತ್ತಾನೆ. ಚಿನ್ನದ ಪೆಟ್ಟಿಗೆಯನ್ನು ಟಾಲೆಮಿ ವಂಶದವನೇ ಆದ ಒಬ್ಬ ಅರಸ ದೋಚಿದ್ದನೆಂದೂ, ತನ್ನ ಕಾಲದಲ್ಲಿ ದೇಹವು ಗಾಜಿನ ಪೆಟ್ಟಿಗೆಯಲ್ಲಿತ್ತೆಂದೂ ಅವನೇ ತಿಳಿಸುತ್ತಾನೆ. ಆ ಅರಸ ಹತ್ತನೆಯ ಟಾಲೆಮಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ದೋಚಿದ ಚಿನ್ನ ಅವನಿಗೆ ದಕ್ಕಲಿಲ್ಲ, ಅವನನ್ನು ದೇಶದಿಂದಲೇ ಓಡಿಸಿದರು.

ಜೂಲಿಯಸ್ ಸೀಸರ್ ಕ್ರಿ.ಪೂ. 48ರಲ್ಲಿ ಆ ನೆಲಮಾಳಿಗೆಗೆ ಇಳಿದದ್ದನ್ನು ಕವಿ ಲೂಕನ್ ವರ್ಣಿಸಿದ್ದಾನೆ. ಕ್ರಿ.ಪೂ. 30ರಲ್ಲಿ ಕ್ಲಿಯೋಪಾತ್ರಳನ್ನು ಸೋಲಿಸಿ ಬಂದ ಆಗಸ್ಟಸ್ ದೇಹವನ್ನು ಹೊರತರಿಸಿ, ಅದಕ್ಕೆ ಚಿನ್ನದ ಕಿರೀಟವಿಟ್ಟು ಹೂ ಚೆಲ್ಲಿದ. ಟಾಲೆಮಿಗಳ ಗೋರಿಗಳನ್ನೂ ನೋಡುವಿರಾ ಎಂದು ಕೇಳಿದಾಗ, ತಾನು ಅರಸನನ್ನು ನೋಡಲು ಬಂದವನೇ ಹೊರತು ಹೆಣಗಳನ್ನಲ್ಲ ಎಂಬ ಅರ್ಥದಲ್ಲಿ ಉತ್ತರಿಸಿದನಂತೆ. ಅವನು ಮುಟ್ಟಿದಾಗ ಶವದ ಮೂಗಿನ ಚೂರೊಂದು ಮುರಿಯಿತೆಂಬ ವದಂತಿಯನ್ನು ಡಿಯೊ ಕಾಸಿಯಸ್ ದಾಖಲಿಸಿದ್ದಾನೆ. ಕಲಿಗುಲಾ ಎದೆಗವಚವನ್ನು ತರಿಸಿಕೊಂಡು ತಾನೇ ತೊಟ್ಟುಕೊಳ್ಳುತ್ತಿದ್ದ. ಕ್ರಿ.ಶ. 200ರ ಹೊತ್ತಿಗೆ ಬಂದ ಸೆಪ್ಟಿಮಿಯಸ್ ಸೆವೆರಸ್, ಈಜಿಪ್ಟಿನ ದೇಗುಲಗಳಲ್ಲಿದ್ದ ರಹಸ್ಯ ಗ್ರಂಥಗಳನ್ನು ಒಟ್ಟುಗೂಡಿಸಿ, ಇನ್ನು ಮುಂದೆ ಯಾರೂ ನೋಡದಂತೆ ಗೋರಿಗೆ ಬೀಗ ಹಾಕಿಸಿದ. ಅವನ ಮಗ ಕ್ಯಾರಕ್ಯಾಲನೇ 215ರಲ್ಲಿ ಒಳಹೊಕ್ಕು ತನ್ನ ನೇರಳೆ ಮೇಲಂಗಿ, ಉಂಗುರ, ನಡುಪಟ್ಟಿಗಳನ್ನು ಕಳಚಿ ಆ ಪೆಟ್ಟಿಗೆಯ ಮೇಲಿಟ್ಟ. ಗೋರಿಗೆ ಭೇಟಿಯಿತ್ತವನೆಂದು ಹೆಸರು ಸಹಿತ ದಾಖಲಾದವರಲ್ಲಿ ಕೊನೆಯವನು ಅವನೇ.

ಇಷ್ಟು ಜನ ನೋಡಿದರೂ ಗೋರಿಗೆ ಹೋಗುವ ದಾರಿಯನ್ನು ಒಬ್ಬರೂ ಬರೆಯಲಿಲ್ಲ ಎಂಬುದನ್ನು ಗಮನಿಸಬೇಕು. ಊರಿಗೆಲ್ಲ ಗೊತ್ತಿರುವ ಜಾಗದ ಗುರುತನ್ನು ಬರೆದಿಡಬೇಕೆಂದು ಯಾರಿಗೂ ತೋಚಲಿಲ್ಲ.

ಪ್ರಶ್ನೆ: ಚಕ್ರವರ್ತಿಗಳೇ ಕೈಮುಗಿದು ನಿಂತ ಜಾಗ ಒಂದು ದೊಡ್ಡ ನಗರದ ನಡುವಿನಿಂದ ಕಾಣೆಯಾಗುವುದು ಹೇಗೆ? ಕಾಡಿನಲ್ಲಿದ್ದ ಗುಡಿಯಾದರೆ ಹೂತುಹೋಯಿತೆನ್ನಬಹುದು. (ಆದವಾನಿ, ಕರ್ನೂಲು ಜಿಲ್ಲೆ)

ಉತ್ತರ: ನಗರದ ನಡುವೆ ಇದ್ದದ್ದರಿಂದಲೇ ಅದು ಕಾಣೆಯಾಯಿತು ಎಂಬುದು ನನ್ನ ಅಭಿಪ್ರಾಯ. ಕಾಡು ಮುಚ್ಚಿದ್ದನ್ನು ಕಾಡು ಕಡಿದರೆ ಕಾಣಬಹುದು. ಜನ ಬಿಡದೆ ವಾಸಿಸಿದ ಊರಿನಲ್ಲಿ ಪ್ರತಿ ತಲೆಮಾರೂ ಹಿಂದಿನವರ ಕಲ್ಲನ್ನು ಕಿತ್ತು ತನ್ನ ಗೋಡೆಗೆ ಇಟ್ಟುಕೊಳ್ಳುತ್ತದೆ.

ನಾಶಕ್ಕೆ ಒಂದೇ ದಿನ, ಒಂದೇ ಕಾರಣ ಎಂದು ಹುಡುಕಹೊರಟರೆ ದಾರಿ ತಪ್ಪುತ್ತೇವೆ. ಕ್ರಿ.ಶ. 3ನೆಯ ಶತಮಾನದ ಉತ್ತರಾರ್ಧದಲ್ಲಿ, ಅರೇಲಿಯನ್ ಚಕ್ರವರ್ತಿಯ ಕಾಲದ ಕಾಳಗಗಳಲ್ಲಿ, ಬ್ರೂಕಿಯನ್ ಎಂಬ ಅರಮನೆಯ ಕೇರಿಯ ಬಹುಭಾಗ ಹಾಳಾಯಿತೆಂದು ಅಮ್ಮಿಯಾನಸ್ ಬರೆದಿದ್ದಾನೆ. 365ರ ಜುಲೈ 21ರಂದು ಪೂರ್ವ ಮೆಡಿಟರೇನಿಯನ್ನಿನಲ್ಲಿ ಮಹಾಭೂಕಂಪವಾಗಿ, ಅದರ ಹಿಂದೆಯೇ ಎದ್ದ ಕಡಲು ಅಲೆಕ್ಸಾಂಡ್ರಿಯಾದಲ್ಲಿ ಹಡಗುಗಳನ್ನು ಮನೆಗಳ ಮಾಡಿನ ಮೇಲೆ ಎತ್ತಿ ಹಾಕಿತೆಂದು ಹೇಳುವವನೂ ಅವನೇ. ಅನಂತರ ಕ್ರೈಸ್ತಧರ್ಮವು ರಾಜ್ಯದ ಧರ್ಮವಾಗಿ, ಹಳೆಯ ದೇವರುಗಳ ಪೂಜೆಯನ್ನು ನಿಷೇಧಿಸಿ, 391ರ ಸುಮಾರಿಗೆ ಆ ನಗರದ ಸೆರಾಪಿಸ್ ದೇವಾಲಯವನ್ನು ಕೆಡವಿದರು. ದೇವರೆಂದು ಪೂಜೆಗೊಂಡ ಅರಸನ ಸಮಾಧಿಯನ್ನು ಕಾಯುವವರು ಇನ್ನು ಯಾರಿದ್ದರು?

ಆ ಹೊತ್ತಿನ ಇಬ್ಬರು ಸಾಕ್ಷಿಗಳ ಮಾತು ಒಂದಕ್ಕೊಂದು ಹೊಂದುವುದಿಲ್ಲ. ಸಿರಿಯಾದ ಅಂತಿಯೋಕ ನಗರದ ವಾಗ್ಮಿ ಲಿಬಾನಿಯಸ್ 390ರ ಆಸುಪಾಸಿನಲ್ಲಿ ಅಲೆಕ್ಸಾಂಡರನ ದೇಹವನ್ನು ಅಲೆಕ್ಸಾಂಡ್ರಿಯಾದಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆಂಬರ್ಥದ ಮಾತೊಂದನ್ನು ಆಡುತ್ತಾನೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಅಂತಿಯೋಕದವನೇ ಆದ ಕ್ರೈಸ್ತ ಗುರು ಜಾನ್ ಕ್ರಿಸೊಸ್ತೊಮ್ ತನ್ನ ಉಪದೇಶದಲ್ಲಿ, ಅಲೆಕ್ಸಾಂಡರನ ಗೋರಿ ಎಲ್ಲಿದೆ ತೋರಿಸಿ ಎಂದು ಸವಾಲು ಹಾಕಿ, ಅವನ ಜನರಿಗೇ ಅದು ತಿಳಿಯದು ಎನ್ನುತ್ತಾನೆ. ಒಬ್ಬ ಹಳೆಯ ಧರ್ಮದ ಅಭಿಮಾನಿ, ಇನ್ನೊಬ್ಬ ಅದರ ಎದುರಾಳಿ. ಇಬ್ಬರೂ ದೂರದ ಸಿರಿಯಾದಲ್ಲಿ ಕುಳಿತು ಮಾತನಾಡಿದವರು. ಗೋರಿಯನ್ನು ಕಂಡು ಬಂದವರ ಹೇಳಿಕೆಯೆಂದು ಎರಡನ್ನೂ ಎತ್ತಿಹಿಡಿಯಲಾಗದು. ಆದರೆ ಅದಾದ ಮೇಲೆ ಗೋರಿಯ ಖಚಿತ ಸುದ್ದಿ ಸಿಗುವುದಿಲ್ಲವೆಂಬುದಂತೂ ಸತ್ಯ. ಅರಬರ ಕಾಲದಲ್ಲಿ ಮಸೂದಿಯಂಥ ಲೇಖಕರು ಇಸ್ಕಂದರನ ಹೆಸರಿನ ಚಿಕ್ಕ ಕಟ್ಟಡವೊಂದನ್ನು ಹೆಸರಿಸುತ್ತಾರೆ. ಅಷ್ಟರಲ್ಲಿ ಅವನು ಜನರ ನೆನಪಿನಲ್ಲಿ ಪ್ರವಾದಿಯೂ ಆಗಿದ್ದ.

ಕಾಗದಪತ್ರಗಳಿಲ್ಲವೇ ಎಂದು ನೀವು ಕೇಳಬಹುದು. ಈಜಿಪ್ಟಿನ ಒಣಮರಳಿನಲ್ಲಿ ಪಪೈರಸ್ ಹಾಳೆಗಳು ಎರಡು ಸಾವಿರ ವರ್ಷ ಉಳಿದಿವೆ. ಆಕ್ಸಿರಿಂಕಸ್ ಎಂಬ ಊರಿನ ಕಸದ ಗುಡ್ಡೆಗಳಲ್ಲಿ ಸಿಕ್ಕಿದ ಗ್ರೀಕ್ ಪ್ರಹಸನವೊಂದರ ಪರಭಾಷೆಯ ಮಾತುಗಳು ಕನ್ನಡವಿರಬೇಕೆಂದು 1904ರಲ್ಲಿ ಹುಲ್ಷ್ ಎಂಬ ಜರ್ಮನ್ ವಿದ್ವಾಂಸರು ಸೂಚಿಸಿದ್ದನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಅಂತಹ ಹಾಳೆಗಳು ಕಡಲ ದಂಡೆಯ ತೇವದ ಮಣ್ಣಿನ ಅಲೆಕ್ಸಾಂಡ್ರಿಯಾದಲ್ಲಿ ಉಳಿಯಲಿಲ್ಲ. ಆ ರಾಜಧಾನಿಯ ಕಚೇರಿಗಳಲ್ಲಿ, ಗ್ರಂಥಾಲಯದಲ್ಲಿ ಇದ್ದ ದಾಖಲೆಗಳೆಲ್ಲ ನಷ್ಟವಾಗಿ, ಒಳನಾಡಿನ ಸಣ್ಣ ಊರುಗಳ ಸಾಲದ ಚೀಟಿಗಳೂ ಲಗ್ನದ ಕರಾರುಗಳೂ ಮಾತ್ರ ನಮಗೆ ದಕ್ಕಿವೆ. ಇದು ನನಗೆ ಇಡೀ ವೃತ್ತಾಂತದಲ್ಲಿ ಹೆಚ್ಚು ಸಂಕಟ ತರುವ ಸಂಗತಿ. ಅದರ ಮೇಲೆ ನೆಲವೂ ಕುಸಿದಿದೆ. ಟಾಲೆಮಿಗಳ ಅರಮನೆಯ ಒಂದು ಭಾಗ ಈಗ ಬಂದರಿನ ನೀರಿನಡಿಯಲ್ಲಿದೆ, ದಂಡೆಯ ಮೇಲೆ ಅಗೆದರೆ ಪ್ರಾಚೀನ ನೆಲಗಟ್ಟು ತಲಪುವ ಮೊದಲೇ ಅಂತರ್ಜಲ ಉಕ್ಕುತ್ತದೆ. 19ನೆಯ ಶತಮಾನದಲ್ಲಿ ಹೊಸ ನಗರವು ಬೆಳೆದು ಉಳಿದದ್ದರ ಮೇಲೆಯೂ ಕಟ್ಟಡಗಳೆದ್ದವು.

ಪ್ರಶ್ನೆ: ಗೋರಿ ಸಿಕ್ಕಿತೆಂದು ಆಗಾಗ ವಿಡಿಯೋಗಳು ಬರುತ್ತವೆ. ಕಪ್ಪು ಕಲ್ಲಿನ ದೊಡ್ಡ ಪೆಟ್ಟಿಗೆಯೊಂದನ್ನು ತೆರೆಯುವುದನ್ನು ತೋರಿಸಿದ್ದರು. ಯಾವುದನ್ನು ನಂಬುವುದು? (ಮಂಜೇಶ್ವರ)

ಉತ್ತರ: ನೀವು ನೋಡಿದ್ದು 2018ರ ಜುಲೈಯಲ್ಲಿ ಅಲೆಕ್ಸಾಂಡ್ರಿಯಾದ ಸಿದಿ ಗಾಬೆರ್ ಪ್ರದೇಶದಲ್ಲಿ ಸಿಕ್ಕಿದ ಪೆಟ್ಟಿಗೆ ಇರಬೇಕು. ಒಳಗಿದ್ದದ್ದು ಸೋರಿ ಬಂದ ಚರಂಡಿಯ ನೀರು ಮತ್ತು ಮೂವರ ಅಸ್ಥಿಪಂಜರಗಳು. ಅದಕ್ಕೂ ಅಲೆಕ್ಸಾಂಡರನಿಗೂ ಸಂಬಂಧವಿಲ್ಲ.

ಇಂತಹ ಘೋಷಣೆಗಳು ಹೊಸತಲ್ಲ. 1798ರಲ್ಲಿ ನೆಪೋಲಿಯನ್ನನ ಜೊತೆ ಬಂದ ಫ್ರೆಂಚರಿಗೆ ಅತ್ತಾರಿನ್ ಮಸೀದಿಯಲ್ಲಿ ಚಿತ್ರಲಿಪಿ ತುಂಬಿದ ಭಾರೀ ಕಲ್ಲಿನ ಶವಪೆಟ್ಟಿಗೆ ಕಾಣಿಸಿತು. ಅದು ಅಲೆಕ್ಸಾಂಡರನದೆಂದು ಸ್ಥಳೀಯರ ನಂಬಿಕೆಯಾಗಿತ್ತು. ಫ್ರೆಂಚರನ್ನು ಸೋಲಿಸಿದ ಇಂಗ್ಲಿಷರು ಅದನ್ನು ಲಂಡನ್ನಿಗೆ ಸಾಗಿಸಿದರು, ಈಗಲೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 1822ರಲ್ಲಿ ಶಾಂಪೋಲಿಯೋ ಚಿತ್ರಲಿಪಿಯನ್ನು ಓದುವ ದಾರಿ ಕಂಡುಕೊಂಡ ಮೇಲೆ, ಅದು ಈಜಿಪ್ಟಿನ ಕೊನೆಯ ಸ್ವದೇಶೀ ಫರೋ ಎರಡನೆಯ ನೆಕ್ಟನೆಬೋಗಾಗಿ ಮಾಡಿದ್ದೆಂದು ತಿಳಿಯಿತು. ಆ ಫರೋ ಪರ್ಷಿಯನ್ನರಿಗೆ ಸೋತು ದೇಶ ಬಿಟ್ಟು ಓಡಿದ್ದರಿಂದ ಪೆಟ್ಟಿಗೆ ಖಾಲಿ ಉಳಿದಿದ್ದು, ಟಾಲೆಮಿ ಅದನ್ನೇ ಬಳಸಿರಬಹುದೆಂದು ಈಚೆಗೆ ಕೆಲವರು ವಾದಿಸಿದ್ದಾರೆ. ವಾದ ಆಕರ್ಷಕವಾಗಿದೆ, ಸಾಕ್ಷ್ಯ ಮಾತ್ರ ಇಲ್ಲ. 1887ರಲ್ಲಿ ಸಿದೋನಿನಲ್ಲಿ ಉಸ್ಮಾನ್ ಹಮ್ದಿ ಬೇ ಅಗೆದು ತೆಗೆದ, ಇಸ್ತಾಂಬುಲಿನಲ್ಲಿರುವ ಸೊಗಸಾದ ಪೆಟ್ಟಿಗೆಗೆ ಅಲೆಕ್ಸಾಂಡರನ ಹೆಸರೇ ಅಂಟಿಕೊಂಡಿದೆ; ಅದರ ಮೇಲೆ ಕೆತ್ತಿರುವುದು ಅವನ ಯುದ್ಧವನ್ನು, ಒಳಗಿದ್ದವನು ಸಿದೋನಿನ ಅರಸನೆಂದು ಬಹುಮಂದಿಯ ಎಣಿಕೆ. 1995ರಲ್ಲಿ ಸೀವಾದಲ್ಲಿ ಗೋರಿ ಸಿಕ್ಕಿತೆಂದು ಸಾರಿದ್ದನ್ನು ಪರೀಕ್ಷಿಸಲು ಹೋದ ತಜ್ಞರು ಒಪ್ಪಲಿಲ್ಲ.

ಹುಡುಕುವುದೇ ವ್ಯರ್ಥವೆಂದು ನಾನು ಹೇಳುವುದಿಲ್ಲ. 1977ರಲ್ಲಿ ಗ್ರೀಸಿನ ವೆರ್ಗಿನಾದಲ್ಲಿ ಮನೋಲಿಸ್ ಆಂದ್ರೋನಿಕೋಸ್ ಮಣ್ಣಿನ ದಿಬ್ಬವೊಂದನ್ನು ಅಗೆದು, ಕಳ್ಳರ ಕೈ ಮುಟ್ಟದ ಮ್ಯಾಸಿಡೋನಿಯದ ರಾಜಸಮಾಧಿಯನ್ನು ಕಂಡರು. ಅದು ಅಲೆಕ್ಸಾಂಡರನ ತಂದೆ ಫಿಲಿಪನದೆಂದು ಅವರು ತೀರ್ಮಾನಿಸಿದರು. ಅಲ್ಲಿಯೇ ಐಗೈ ಇದ್ದದ್ದು. ಮಗನ ರಥ ಅಲ್ಲಿಗೆ ತಲಪಿದ್ದರೆ ಬಹುಶಃ ಇಂದು ಈ ಅಂಕಣವನ್ನು ಬರೆಯಬೇಕಾಗಿರಲಿಲ್ಲ. ಅಲೆಕ್ಸಾಂಡ್ರಿಯಾದಲ್ಲಿ 1860ರ ದಶಕದಲ್ಲಿ ಮಹಮೂದ್ ಅಲ್-ಫಲಕಿ ಎಂಬ ಈಜಿಪ್ಟಿನ ಖಗೋಳಜ್ಞ ಅಲ್ಲಲ್ಲಿ ಗುಂಡಿ ತೋಡಿ ಹಳೆಯ ಬೀದಿಗಳ ನಕ್ಷೆ ಮಾಡಿದ್ದೇ ಇಂದಿಗೂ ಹುಡುಕುವವರಿಗೆ ಆಧಾರ. ಅಲ್ಲಿನ ಲ್ಯಾಟಿನ್ ಸ್ಮಶಾನದ ಬಳಿ 1907ರಲ್ಲಿ ಕಂಡುಬಂದ, ಬೃಹತ್ ಆಲಾಬಾಸ್ಟರ್ ಚಪ್ಪಡಿಗಳ ಒಂದು ಸಮಾಧಿಕೋಣೆ ಟಾಲೆಮಿಗಳ ಕಾಲದ ರಾಜಯೋಗ್ಯ ನಿರ್ಮಾಣ. ಶಾಸನವಿಲ್ಲದ ಕಾರಣ ಯಾರದೆಂದು ಹೇಳಲಾಗದು. ಮುಂದೆ ಯಾವುದೇ ವಿಡಿಯೋ ಬಂದರೂ, ಸಿಕ್ಕಿದ್ದರಲ್ಲಿ ಬರಹವೇನಿದೆ, ಅಗೆದವರಲ್ಲದ ಬೇರೆ ತಜ್ಞರು ಏನೆಂದರು ಎಂಬ ಎರಡು ಸಂಗತಿಗಳನ್ನು ವಿಚಾರಿಸಿರಿ.

ಪ್ರಶ್ನೆ: ನಮ್ಮ ಊರಿನ ಮುರಕಲ್ಲಿನ ಗುಡ್ಡದಲ್ಲಿ ನೆಲದಡಿ ಕೊರೆದ ಕೋಣೆಯೊಂದು ಬಾಯಿ ತೆರೆದಿದೆ. ಹಿರಿಯರು ಪಾಂಡವರ ಗುಹೆ ಎನ್ನುತ್ತಾರೆ, ಕೆಲವರು ಹಿಂದಿನ ರಾಜನ ಗೋರಿ ಎನ್ನುತ್ತಾರೆ. ಯಾವುದು ಸರಿ? (ಮುಳ್ಳೇರಿಯ)

ಉತ್ತರ: ಕಾಸರಗೋಡಿನಿಂದ ದಕ್ಷಿಣಕ್ಕೆ ಮಲಬಾರಿನ ಉದ್ದಕ್ಕೂ ಇಂತಹ ಕೋಣೆಗಳಿವೆ. ಗುಮ್ಮಟದಂತೆ ದುಂಡಗಿನ ಒಳಭಾಗ, ಚೌಕಾಕಾರದ ಸಣ್ಣ ಬಾಗಿಲು, ಕೆಲವೆಡೆ ನೆತ್ತಿಯಲ್ಲಿ ಕಲ್ಲು ಮುಚ್ಚಿದ ತೂತು ಇರುವ ಇವುಗಳನ್ನು ಕಬ್ಬಿಣಯುಗದ ಬೃಹತ್ ಶಿಲಾ ಸಂಸ್ಕೃತಿಯ ಸಮಾಧಿಗಳೆಂದು ಪುರಾತತ್ವಜ್ಞರು ಗುರುತಿಸಿದ್ದಾರೆ. ಸ್ಥೂಲವಾಗಿ ಕ್ರಿಸ್ತಪೂರ್ವದ ಕೊನೆಯ ಸಾವಿರ ವರ್ಷಗಳವು, ಅಂದರೆ ಅಲೆಕ್ಸಾಂಡರನ ಕಾಲವೂ ಆ ಅವಧಿಯೊಳಗೇ ಬರುತ್ತದೆ. ಕಪ್ಪು-ಕೆಂಪು ಮಡಕೆಗಳು, ಕಾಲುಗಳಿರುವ ಜಾಡಿಗಳು, ಕಬ್ಬಿಣದ ಸಲಕರಣೆ, ಎಲುಬಿನ ಚೂರುಗಳು ಇವುಗಳಲ್ಲಿ ದೊರೆಯುತ್ತವೆ. ಹೆಸರು ಬರೆದಿರುವುದಿಲ್ಲವಾದುದರಿಂದ ರಾಜನೆಂದು ಹೇಳಲು ಆಧಾರವಿಲ್ಲ, ಸಮುದಾಯದ ಗಣ್ಯರದಾಗಿರಬಹುದು.

ನಿಮ್ಮಲ್ಲಿ ಒಂದು ವಿನಂತಿ: ಒಳಗಿನ ಮಡಕೆಗಳನ್ನು ಹೊರಗೆ ತೆಗೆಯಬೇಡಿ, ತೊಳೆಯಬೇಡಿ, ಮಣ್ಣನ್ನು ಕೆದಕಬೇಡಿ. ಯಾವ ಮಡಕೆ ಎಲ್ಲಿತ್ತು, ಅದರೊಳಗಿನ ಮಣ್ಣಿನಲ್ಲಿ ಏನಿತ್ತು ಎಂಬುದರಿಂದಲೇ ತಜ್ಞರು ಕಾಲವನ್ನೂ ಕ್ರಮವನ್ನೂ ಅರಿಯುತ್ತಾರೆ. ಕಲ್ಲು ಕಡಿಯುವ ಯಂತ್ರ ಆ ಗುಡ್ಡಕ್ಕೆ ಬರುವ ಮೊದಲೇ ಇರುವ ಹಾಗೆಯೇ ಚಿತ್ರ ತೆಗೆದು, ಸರ್ವೆ ನಂಬ್ರ ಸಹಿತ ವಿಲೇಜು ಕಚೇರಿಗೂ ರಾಜ್ಯದ ಪುರಾತತ್ವ ಇಲಾಖೆಗೂ ಬರೆದು ತಿಳಿಸಿರಿ.